ರಿಪೋರ್ಟ್ ಓದಿದರು, ಮಂಡಿ ಮುಟ್ಟಲಿಲ್ಲ

ನನ್ನ ಮಂಡಿಯ ಎಂಆರ್‌ಐ ರಿಪೋರ್ಟ್ ಓದದವರು ನಮ್ಮೂರಿನಲ್ಲಿ ಯಾರೂ ಉಳಿದಿಲ್ಲ. ಅಪ್ಪನ ವಾಟ್ಸ್‌ಆ್ಯಪ್‌ನಿಂದ ಮಾವನಿಗೆ ಹೋಯಿತು. ಮಾವನಿಂದ ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಅವರ ಗೆಳೆಯರಿಗೆ, ಅಲ್ಲಿಂದ ಇನ್ಯಾರಿಗೋ. ಎಲ್ಲರೂ ಒಂದೇ ಸಾಲಿನ ಮೇಲೆ ಬೆರಳಿಟ್ಟು, ‘ಕಂಪ್ಲೀಟ್ ಟೇರ್ ಅಂತ ಬರೆದಿದಾರೆ, ಆಪರೇಷನ್ನೇ’ ಅಂದರು. ‘ಇದನ್ನ ಯಾರಿಗೂ ತೋರಿಸಬ್ಯಾಡ್ರಿ, ನಾಳೆ ಹೆಣ್ಣು ಕೇಳೋಕೆ ಬರೋರು ಏನಂತಾರೆ’ ಎಂದು ಅಜ್ಜಿ ಹೇಳುವ ಹೊತ್ತಿಗೆ ಕೆಲಸ ಕೆಟ್ಟಾಗಿತ್ತು. ಇಷ್ಟು ಜನ ನನ್ನ ರಿಪೋರ್ಟ್ ಓದಿದರೂ ನನ್ನ ಮಂಡಿಯನ್ನು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದವರು ಇಬ್ಬರೇ. ಒಬ್ಬರು ಕಟ್ಟು ಹಾಕುವವರು. ಇನ್ನೊಬ್ಬರು, ಗಾಯವಾಗಿ ನಾಲ್ಕು ತಿಂಗಳ ಮೇಲೆ ಸಿಕ್ಕ ಡಾಕ್ಟರ್ ಮೇಡಂ.

ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಮನೆಯಲ್ಲಿ ರೇಷ್ಮೆ, ಓದು ಡಿಗ್ರಿ ಕಡೆಯ ವರ್ಷ, ಆಟ ಖೋಖೋ, ಗುರಿ ಪೊಲೀಸ್ ಕಾನ್‌ಸ್ಟೆಬಲ್. ಕಳೆದ ವರ್ಷ ನವೆಂಬರ್‌ನಲ್ಲಿ ಅಂತರ ಕಾಲೇಜು ಪಂದ್ಯದಲ್ಲಿ ಕಂಬದ ಹತ್ತಿರ ಗಕ್ಕನೆ ತಿರುಗಿದೆ. ಪಾದ ನೆಲದಲ್ಲೇ ನಿಂತಿತು, ಮೈ ತಿರುಗಿತು. ಒಳಗೆ ‘ಟಪ್’ ಅಂದಿದ್ದು ನನಗೆ ಕೇಳಿಸಿತು. ಯಾರೂ ನನ್ನನ್ನು ತಳ್ಳಿರಲಿಲ್ಲ, ಮುಟ್ಟಿರಲೂ ಇಲ್ಲ. ಸಂಜೆಯೊಳಗೆ ಮಂಡಿ ಕುಂಬಳಕಾಯಿ ಆಗಿತ್ತು.

ಈಗ ಗೊತ್ತು, ಇದು ಎಸಿಎಲ್ ಹರಿದಾಗಿನ ಪಾಠಪುಸ್ತಕದ ಕಥೆ. ತೊಡೆ ಮೂಳೆ ಮತ್ತು ಕಣಕಾಲಿನ ಮೂಳೆಯನ್ನು ಮಂಡಿಯ ಒಳಗೆ ಅಡ್ಡವಾಗಿ ಹಿಡಿದಿಟ್ಟಿರುವ ಹಗ್ಗವೇ ಎಸಿಎಲ್. ಅದು ಹರಿಯುವುದು ಬಹುಮಟ್ಟಿಗೆ ಹೀಗೇ: ಯಾರೂ ಮುಟ್ಟದೆ, ನಿಂತ ಕಾಲಿನ ಮೇಲೆ ತಿರುಗಿದಾಗ. ಶಬ್ದ ಬರುತ್ತದೆ, ಕೆಲವೇ ಗಂಟೆಗಳಲ್ಲಿ ಒಳಗೆ ರಕ್ತ ತುಂಬಿ ಊದುತ್ತದೆ. ಈ ಎರಡು ಮಾತು ಕೇಳಿದರೇ ಅರ್ಧ ಅನುಮಾನ ಬರಬೇಕು. ಆದರೆ ಆವತ್ತು ಎಕ್ಸ್‌ರೇ ತೆಗೆದ ಕಡೆ ಆ ಎರಡು ಮಾತನ್ನು ಯಾರೂ ಕೇಳಲಿಲ್ಲ. ‘ಮೂಳೆಗೆ ಏನೂ ಆಗಿಲ್ಲ, ನಾರ್ಮಲ್’ ಎಂದು ಮಾತ್ರೆ ಬರೆದು ಕಳಿಸಿದರು. ಮೂಳೆ ನಾರ್ಮಲ್ ಇತ್ತು, ನಿಜ. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ ಎನ್ನುವ ಒಂದು ಮಾತನ್ನು ಸೇರಿಸಿದ್ದರೆ ಸಾಕಿತ್ತು.

ಆಮೇಲೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ನಮ್ಮ ಮನೆಯವರೂ ಮಾಡಿದರು. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರ ದಬ್ಬೆ ಇಟ್ಟು ಕಟ್ಟು. ಆಂಧ್ರದ ಪುತ್ತೂರು ಕಡೆಯ ಕಟ್ಟಿನ ಮೇಲೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇರುವ ನಂಬಿಕೆ ಇವತ್ತಿನದಲ್ಲ. ಕಟ್ಟಿದವರನ್ನು ನಾನು ಬೈಯುವುದಿಲ್ಲ. ಮೂರು ವಾರ ಕಾಲು ಅಲ್ಲಾಡಿಸದೆ ಇದ್ದುದಕ್ಕೆ ಊತ ಇಳಿಯಿತು, ನೋವು ಹೋಯಿತು. ಮೋಸ ಇರುವುದು ಅಲ್ಲೇ. ಎಸಿಎಲ್ ಹರಿದವರಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಕಡಿಮೆಯಾಗುತ್ತದೆ, ಕಟ್ಟು ಹಾಕಿದರೂ ಹಾಕದಿದ್ದರೂ. ನೋವು ಹೋದದ್ದನ್ನು ನಾವು ಗುಣವಾಯಿತು ಅಂದುಕೊಳ್ಳುತ್ತೇವೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ನಮ್ಮ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಇದ್ದರು. ಅದನ್ನು ಮೊಬೈಲ್‌ನಲ್ಲಿ ನೋಡಿದ ಮಾರನೇ ದಿನ ಬೆಳಗ್ಗೆ ಐದಕ್ಕೇ ಎದ್ದು ಓಡಿದೆ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು, ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ. ನೇರ ಓಟಕ್ಕೆ ಮಂಡಿ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಹುಳು ಮನೆಯಲ್ಲಿ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕಲು ಬುಟ್ಟಿ ಹಿಡಿದು ತಿರುಗಿದಾಗ ಮಂಡಿ ಒಳಗೊಳಗೇ ಜಾರಿತು. ಒಂದು ಸಲ, ಇನ್ನೊಂದು ಸಲ, ಮೂರನೇ ಸಲ. ಮಾರ್ಚ್‌ನಲ್ಲಿ ಒಂದು ದಿನ ಕೆಳಗೆ ಕೂತವಳು ಎದ್ದಾಗ ಕಾಲು ನೆಟ್ಟಗಾಗಲಿಲ್ಲ. ಬೀಗ ಹಾಕಿದ ಹಾಗೆ ಮಡಿಚಿಯೇ ಉಳಿಯಿತು.

ಎಂಆರ್‌ಐ ಹುಡುಕಿಕೊಂಡು ಬೆಂಗಳೂರಿಗೆ ಹೋದದ್ದು ಆಗ. ‘ಶಕ್ತಿ’ಯಿಂದ ಬಸ್ಸು ನನಗೆ ಫ್ರೀ, ಟಿಕೆಟ್ ಅಪ್ಪನಿಗೆ ಮಾತ್ರ. ಸ್ಕ್ಯಾನ್‌ಗೆ ₹6,500. ಆ ಸಲದ ಗೂಡು ಮಾರಿದ ದುಡ್ಡಿನ ಮೇಲ್ಭಾಗ ಅದಕ್ಕೇ ಹೋಯಿತು. ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಸಂಬಂಧಿಕರೊಬ್ಬರು ‘ಸುಮ್ನೆ ಒಂದು ಎಂಆರ್‌ಐ ಮಾಡಿಸಿಬಿಡಿ, ಎಲ್ಲಾ ಗೊತ್ತಾಗ್ತದೆ’ ಅಂದಿದ್ದರು. ಎಲ್ಲಾ ಗೊತ್ತಾಗುತ್ತದೆ ಎನ್ನುವ ಈ ನಂಬಿಕೆಯ ಮೇಲೇ ನನ್ನ ತಕರಾರು.

ಯಂತ್ರದ ಬಗ್ಗೆ ನನಗೆ ಗೌರವ ಕಡಿಮೆ ಇಲ್ಲ. ಭೌತಶಾಸ್ತ್ರ ಓದುವ ಗೆಳತಿಯೊಬ್ಬಳು ಹೇಳಿಕೊಟ್ಟ ಮೇಲಂತೂ ಹೆಚ್ಚೇ ಆಯಿತು. ನಮ್ಮ ಮೈಯಲ್ಲಿ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. 1.5 ಟೆಸ್ಲಾದ ಕಾಂತದೊಳಗೆ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟಿನಲ್ಲಿ, ಆ ಹೈಡ್ರೋಜನ್ ಪರಮಾಣುಗಳಿಗೆ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೊ ತರಂಗ ಕೊಟ್ಟರೆ ಅವು ಅದೇ ತರಂಗದಲ್ಲಿ ಮಾರುತ್ತರ ಕೊಡುತ್ತವೆ. ಗೌರಿಬಿದನೂರಿನ ಹೊರಗೆ ಹೊಲಗಳ ನಡುವೆ ಟಿ ಆಕಾರದಲ್ಲಿ ಸಾವಿರ ಡೈಪೋಲ್ ನೆಟ್ಟು ಕಟ್ಟಿದ ರೇಡಿಯೊ ದೂರದರ್ಶಕ ಆಕಾಶವನ್ನು ಕೇಳಿಸಿಕೊಂಡದ್ದು 34.5 ಮೆಗಾಹರ್ಟ್ಸ್‌ನಲ್ಲಿ. ನನ್ನ ಮಂಡಿಯ ಮಾತು ಅದಕ್ಕಿಂತ ತುಸು ಮೇಲಿನ ಸ್ಟೇಷನ್, ಅಷ್ಟೆ. ಈ ಮಾರುತ್ತರದಿಂದ ಚಿತ್ರ ಮಾಡಬಹುದೆಂದು ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು. ಎಕ್ಸ್‌ರೇಯ ಹಾಗೆ ವಿಕಿರಣ ಇಲ್ಲ. ಇರುವುದು ಬರೀ ಗದ್ದಲ: ಅರ್ಧ ಗಂಟೆ ಕಿವಿಯ ಪಕ್ಕ ಯಾರೋ ತಗಡು ಬಡಿದ ಹಾಗೆ.

ರಿಪೋರ್ಟ್ ಹಿಡಿದು ಹೋದ ಮೊದಲ ಕಡೆ ಅದನ್ನು ಎರಡು ನಿಮಿಷ ನೋಡಿ, ‘ಈ ವಾರವೇ ಮಾಡಿಬಿಡೋಣ’ ಎಂದು ಪ್ಯಾಕೇಜ್ ರೇಟು ಹೇಳಿದರು. ನಾನು ಪ್ಯಾಂಟಿನ ಕಾಲು ಮೇಲೆ ಮಡಿಚುವ ಮೊದಲೇ ಮುಂದಿನ ಟೋಕನ್ ಕೂಗಿದ್ದರು. ಅಪ್ಪ ಹೊರಗೆ ಬಂದು ಮಾತಾಡದೆ ಬಹಳ ಹೊತ್ತು ನಿಂತರು. ಎರಡನೆಯದು ಸರ್ಕಾರಿ ಆಸ್ಪತ್ರೆ. ಉದ್ದ ಕ್ಯೂ, ಮಧ್ಯಾಹ್ನ ಎರಡಾಯಿತು. ಆದರೆ ಮೇಡಂ ರಿಪೋರ್ಟನ್ನು ಪಕ್ಕಕ್ಕಿಟ್ಟು ‘ಮಲಕ್ಕೋಮ್ಮಾ’ ಅಂದರು. ಮೊದಲು ನನ್ನ ಒಳ್ಳೇ ಕಾಲು ಹಿಡಿದರು. ಮಂಡಿಯನ್ನು ಸ್ವಲ್ಪವೇ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದರು. ಗಟ್ಟಿಯಾಗಿ ನಿಂತಿತು. ಆಮೇಲೆ ಕೆಟ್ಟ ಕಾಲು. ಡ್ರಾಯರ್ ಎಳೆದ ಹಾಗೆ ಮುಂದೆ ಬಂತು. ಅಪ್ಪ ನೋಡುತ್ತಾ ನಿಂತಿದ್ದರು. ‘ಓ’ ಅಂದರು, ಅಷ್ಟೇ.

ಇದಕ್ಕೆ ಲ್ಯಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಅಮೆರಿಕದ ಜಾನ್ ಲ್ಯಾಕ್‌ಮನ್ ಹೆಸರಿನದು, 1976ರಲ್ಲಿ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಕರೆಂಟ್ ಬೇಡ, ದುಡ್ಡು ಬೇಡ, ಒಂದು ನಿಮಿಷ ಸಾಕು. ಕೈ ಪಳಗಿದ್ದರೆ ಶಿಡ್ಲಘಟ್ಟದಲ್ಲೂ ಆಗುತ್ತದೆ, ಚಿಂತಾಮಣಿಯಲ್ಲೂ ಆಗುತ್ತದೆ. ಗಾಯವಾದ ದಿನ ಊತ, ನೋವಿನಲ್ಲಿ ಸರಿಯಾಗಿ ಗೊತ್ತಾಗದೇ ಇರಬಹುದು. ಆದರೆ ಹತ್ತು ದಿನ ಬಿಟ್ಟು ಮತ್ತೆ ಬಾ ಎಂದು ಹೇಳುವುದಕ್ಕೆ ಏನು ಖರ್ಚಿದೆ?

ಹಾಗಾದರೆ ಎಂಆರ್‌ಐ ಬೇಡವೇ ಎಂದು ಕೇಳಬಹುದು. ಬೇಕು, ಖಂಡಿತ ಬೇಕು. ಆದರೆ ಯಾಕೆ ಬೇಕು ಎನ್ನುವುದು ನಾವು ತಿಳಿದಂತಲ್ಲ. ಎಸಿಎಲ್ ಹೋಗಿದೆ ಎನ್ನುವುದು ಮೇಡಂಗೆ ಕೈಯಲ್ಲೇ ಗೊತ್ತಾಗಿತ್ತು. ಅವರು ಚಿತ್ರದಲ್ಲಿ ಹುಡುಕಿದ್ದು ಬೇರೆ. ಅವರು ರಿಪೋರ್ಟ್ ಹಾಳೆ ಓದಲೇ ಇಲ್ಲ, ಸಿ.ಡಿ. ಹಾಕಿ ಒಂದೊಂದೇ ಪದರ ತಿರುವಿದರು. ಮಂಡಿಯ ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಎರಡು ಮೆತ್ತೆಗಳಿವೆ. ನನ್ನ ಒಳಬದಿಯ ಮೆತ್ತೆ ಉದ್ದಕ್ಕೆ ಸೀಳಿ, ಸೀಳಿದ ಭಾಗ ಬಕೆಟ್ಟಿನ ಹಿಡಿಯ ಹಾಗೆ ಮಗುಚಿ ಮಂಡಿಯ ನಡುವೆ ಬಂದು ಸಿಕ್ಕಿಕೊಂಡಿತ್ತು. ಅದೇ ಬೀಗ. ‘ಎಸಿಎಲ್ ಒಂದೇ ಆಗಿದ್ರೆ ಕೂತು ಯೋಚನೆ ಮಾಡಬಹುದಿತ್ತು. ಇದು ಕಾಯಲ್ಲ’ ಎಂದರು.

ಶಸ್ತ್ರಚಿಕಿತ್ಸೆಯ ಯೋಜನೆ ಎಂದರೆ ಇದು. ಪಕ್ಕದ ಲಿಗಮೆಂಟ್‌ಗಳು ಗಟ್ಟಿ ಇವೆಯೇ? ಹೊರಬದಿಯ ಹಿಂಭಾಗದ ಗಾಯ ಒಂದನ್ನು ಗಮನಿಸದೆ ಹೊಸ ಎಸಿಎಲ್ ಕೂರಿಸಿದರೆ ಆ ಹೊಸದೂ ಎಳೆದು ಸಡಿಲವಾಗುತ್ತದೆ. ಮೆತ್ತೆ ಹೊಲಿಯಲು ಬರುತ್ತದೆಯೇ ಅಥವಾ ಕತ್ತರಿಸಬೇಕೇ? ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತ ಬರುತ್ತದೆ, ಅಲ್ಲಿ ಹಾಕಿದ ಹೊಲಿಗೆ ಕೂಡುತ್ತದೆ. ಒಳ ಅಂಚಿನದು ಕೂಡುವುದು ಕಷ್ಟ. ಹೊಲಿಯುವುದಾದರೆ ಅದಕ್ಕೆ ಬೇಕಾದ ಸಾಮಾನು ಮೊದಲೇ ತರಿಸಿಟ್ಟಿರಬೇಕು. ಹೊಸ ಹಗ್ಗ ಎಲ್ಲಿಂದ ತೆಗೆಯಬೇಕು? ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಗಟ್ಟಿ, ಆದರೆ ಆಮೇಲೆ ಮಂಡಿಯೂರಿ ಕೂರುವಾಗ ನೋಯುವುದು ಹೆಚ್ಚು. ಹುಳು ಮನೆಯಲ್ಲಿ ದಿನವೂ ಮಂಡಿಯೂರುವವಳು ನಾನು ಎಂದು ತಿಳಿದ ಮೇಲೆ ತೊಡೆಯ ಹಿಂದಿನಿಂದ ತೆಗೆಯುವುದೆಂದು ತೀರ್ಮಾನವಾಯಿತು. ಅದು 8 ಮಿಲಿಮೀಟರ್‌ಗಿಂತ ಸಣ್ಣಗಿದ್ದರೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚಂತೆ. ಅದರ ಅಂದಾಜೂ ಚಿತ್ರದಲ್ಲೇ ಸಿಗುತ್ತದೆ. ನನ್ನ ಕೆಲಸ ಏನು, ನಾನು ಹೇಗೆ ಕೂರುತ್ತೇನೆ, ಮುಂದೆ ಏನಾಗಬೇಕೆಂದಿದ್ದೇನೆ, ಇವು ಯಾವ ಎಂಆರ್‌ಐಯಲ್ಲೂ ಕಾಣುವುದಿಲ್ಲ. ಕೇಳಬೇಕು.

ಸಂಪೂರ್ಣ ಹರಿದ ಎಸಿಎಲ್ ಅನ್ನು ಎಂಆರ್‌ಐ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿಯೇ ಹೇಳುತ್ತದೆ. ಅರ್ಧ ಹರಿದದ್ದು ಎಂದಾಗ ತಡವರಿಸುತ್ತದೆ. ಮೆತ್ತೆಯ ಹಿಂತುದಿಯ ಕೆಲವು ಸೀಳುಗಳು ಕಣ್ಣು ತಪ್ಪಿಸಿಕೊಂಡು, ಆಪರೇಷನ್ ವೇಳೆ ದುರ್ಬೀನು ಇಳಿಸಿದಾಗ ಮಾತ್ರ ಸಿಗುತ್ತವೆ. ಇದಕ್ಕೆ ಉಲ್ಟಾ ಇನ್ನೊಂದಿದೆ: ತೊಂದರೆ ಕೊಡದ್ದೂ ಚಿತ್ರದಲ್ಲಿ ಕಾಣುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗೆ ಎಂಆರ್‌ಐ ಮಾಡಿದರು. 2008ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61ರಷ್ಟು ಜನರಿಗೆ ಅದರ ಹಿಂದಿನ ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ನಮ್ಮಪ್ಪನ ಮಂಡಿಗೂ ಇವತ್ತು ಸ್ಕ್ಯಾನ್ ಮಾಡಿದರೆ ಏನೋ ಒಂದು ಹರಿದಿರುವುದು ಸಿಕ್ಕೇ ಸಿಗುತ್ತದೆ. ಅದನ್ನು ಮಾವನಿಗೆ ವಾಟ್ಸ್‌ಆ್ಯಪ್ ಮಾಡಿದರೆ ಅಪ್ಪನಿಗೂ ಆಪರೇಷನ್ನೇ.

ಗೌರಿಬಿದನೂರಿನ ಒಬ್ಬ ಗೆಳೆಯನಿಗೆ ಆದದ್ದು ಇದೇ. ಕಬಡ್ಡಿಯಲ್ಲಿ ಮಂಡಿಯ ಒಳಪಕ್ಕ ಉಳುಕಿತು. ಅಗ್ನಿವೀರ್ ತಯಾರಿಯಲ್ಲಿದ್ದವನು. ರಿಪೋರ್ಟ್‌ನಲ್ಲಿ ಒಳಪಕ್ಕದ ಲಿಗಮೆಂಟ್ ಭಾಗಶಃ ಹರಿದಿದೆ, ಮೆನಿಸ್ಕಸ್‌ನಲ್ಲಿ ಗ್ರೇಡ್ 2 ಸಿಗ್ನಲ್ ಇದೆ ಎಂದಿತ್ತು. ಗ್ರೇಡ್ 2 ಎಂದ ಕೂಡಲೇ ಕ್ಯಾನ್ಸರ್ ಸ್ಟೇಜ್ ಎನ್ನುವ ಹಾಗೆ ಮನೆಯಲ್ಲಿ ಅಳು. ನಿಜ ಏನೆಂದರೆ, ಮೆತ್ತೆಯ ಮೇಲ್ಮೈ ಮುಟ್ಟದ ಆ ಸಿಗ್ನಲ್ಲನ್ನು ಹರಿದದ್ದು ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಪಕ್ಕದ ಲಿಗಮೆಂಟ್‌ಗೆ ರಕ್ತ ಚೆನ್ನಾಗಿ ಬರುವುದರಿಂದ ಸಾಮಾನ್ಯವಾಗಿ ಬ್ರೇಸ್ ಹಾಕಿ, ವ್ಯಾಯಾಮ ಮಾಡಿದರೆ ಕೂಡಿಕೊಳ್ಳುತ್ತದೆ. ಅವನು ಈಗ ಓಡುತ್ತಿದ್ದಾನೆ. ಸ್ಕ್ಯಾನ್ ಇಬ್ಬರಿಗೂ ಆಯಿತು, ಚಾಕು ಬೇಕಾದದ್ದು ಒಬ್ಬರಿಗೆ ಮಾತ್ರ.

ಎಸಿಎಲ್ ಹರಿದವರೆಲ್ಲರಿಗೂ ಆಪರೇಷನ್ ಬೇಕೇ ಬೇಕು ಎನ್ನುವುದೂ ಅಷ್ಟು ಸರಳವಲ್ಲ. ಸ್ವೀಡನ್‌ನಲ್ಲಿ ಆಟ ಆಡುವ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. 2010ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ವರ್ಷದ ಹೊತ್ತಿಗೆ ಎರಡೂ ಗುಂಪಿನ ಮಂಡಿಗಳ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿನ 59 ಜನರಲ್ಲಿ 23 ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರಿಗೆ ಅದು ಬೇಕಾಗಿರಲಿಲ್ಲ. ಇದನ್ನು ಹೇಳುವಾಗ ಒಂದು ಎಚ್ಚರಿಕೆ: ಅವರು ಮಾಡಿದ ವ್ಯಾಯಾಮ ಫಿಸಿಯೋಥೆರಪಿಸ್ಟ್ ನಿಂತು ಮಾಡಿಸಿದ್ದು. ನಾನು ಮಾಡಿದ ಹಾಗೆ ಕಟ್ಟು ಬಿಚ್ಚಿ ಓಡಿದ್ದಲ್ಲ. ಸಡಿಲ ಮಂಡಿ ಜಾರಿದಾಗಲೆಲ್ಲ ಮೆತ್ತೆ ಅರೆಯುತ್ತದೆ. ಹುಳು ಮನೆಯಲ್ಲಿ ಮೂರು ಸಲ ಜಾರಿದ್ದರ ಬೆಲೆಯನ್ನು ಏಪ್ರಿಲ್‌ನಲ್ಲಿ ಕೊಟ್ಟೆ. ಮೆತ್ತೆಯ ಹೆಚ್ಚಿನ ಭಾಗ ಹೊಲಿದರು. ಒಳ ಅಂಚಿನ ಜಜ್ಜಿಹೋದ ಪಟ್ಟಿಯನ್ನು ತೆಗೆದುಹಾಕಬೇಕಾಯಿತು. ಅದು ಮತ್ತೆ ಬೆಳೆಯುವುದಿಲ್ಲ. ನನಗೆ ಇಪ್ಪತ್ತೊಂದು ವರ್ಷ.

ಕ್ರಿಕೆಟ್ ನೋಡುವವರಿಗೆ ರಿಷಭ್ ಪಂತ್ ಗೊತ್ತು. 2022ರ ಡಿಸೆಂಬರ್ 30ರ ಅಪಘಾತದಲ್ಲಿ ಬಲ ಮಂಡಿಯ ಲಿಗಮೆಂಟ್‌ಗಳು ಹರಿದು, ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ಎನ್‌ಸಿಎಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ 2024ರ ಮಾರ್ಚ್‌ನಲ್ಲಿ ಮೈದಾನಕ್ಕಿಳಿದರು. ಈಗ ಆ ಕ್ರಿಕೆಟ್ ಕೇಂದ್ರ ದೇವನಹಳ್ಳಿ ವಿಮಾನ ನಿಲ್ದಾಣದ ಕಡೆಗೇ ಬಂದಿದೆ, ನಮ್ಮ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಒಂದು ನಿದ್ದೆಯ ದೂರ. ಪಂತ್ ಪಡೆದದ್ದೆಲ್ಲ ನಮಗೂ ಸಿಗಲಿ ಎಂದು ನಾನು ಕೇಳುವುದಿಲ್ಲ. ಆದರೆ ಆಪರೇಷನ್ ಮುಗಿದ ಮೇಲಿನ ಒಂಬತ್ತು ತಿಂಗಳು ಯಾರ ಕೈಯಲ್ಲಿ? 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೊ ಅಧ್ಯಯನದ ಪ್ರಕಾರ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆ ಮರುಗಾಯದ ಪ್ರಮಾಣ ಸುಮಾರು ಅರ್ಧರ್ಧ ಇಳಿಯುತ್ತದೆ. ಆ ತಿಂಗಳುಗಳಲ್ಲಿ ತೊಡೆಯ ಬಲ ಅಳೆಯುವವರು, ‘ಇವತ್ತು ಇಷ್ಟು ಸಾಕು’ ಎನ್ನುವವರು ಬೇಕು. ನಾನು ಪ್ರತಿ ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತೇನೆ. ಬಸ್ಸು ಫ್ರೀ, ದಿನ ಫ್ರೀ ಅಲ್ಲ.

ಜಿಲ್ಲೆಯಾಗಿ 2007ರಿಂದ ಇಷ್ಟು ವರ್ಷವಾಯಿತು. ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಜನಪ್ರತಿನಿಧಿಗಳನ್ನು ಕೇಳಿದರೆ ಯಂತ್ರ ತರಿಸುತ್ತೇವೆ ಎನ್ನುತ್ತಾರೆ, ಯಂತ್ರಕ್ಕೆ ಟೇಪು ಕತ್ತರಿಸಬಹುದು. ತರಿಸಲಿ, ಬೇಡ ಅನ್ನುವುದಿಲ್ಲ. ಆದರೆ ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಮಂಡಿ, ಭುಜ ಮುಟ್ಟಿ ನೋಡುವವರು ಕೂರಲಿ, ಪಕ್ಕದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇರಲಿ ಎಂಬುದೇ ನನ್ನ ಮೊದಲ ಬೇಡಿಕೆ. ಎಂಆರ್‌ಐ ಯಾರಿಗೆ ಬೇಕು, ಯಾವಾಗ ಬೇಕು ಎಂದು ಬರೆದು ಕಳಿಸುವ ಕೈ ಇಲ್ಲಿ ಇದ್ದರೆ ಅರ್ಧ ಜನ ಬೆಂಗಳೂರಿಗೆ ಹೋಗುವುದೇ ಬೇಡ, ಇನ್ನರ್ಧ ಜನ ನಾಲ್ಕು ತಿಂಗಳು ಮೊದಲೇ ಹೋಗುತ್ತಾರೆ. ರಿಪೋರ್ಟ್‌ನ ಕೊನೆಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಇದ್ದರೆ ಮೆಡಿಕಲ್ ಸ್ಟೋರಿನವರಿಗೂ ಶ್ರಮ ತಪ್ಪುತ್ತದೆ.

ಕಾಲೇಜುಗಳಿಗೂ ಒಂದು ಮಾತು. ಒಂದೇ ಆಟ ಆಡುವ ಹುಡುಗರಿಗೆ ಹೋಲಿಸಿದರೆ ಹುಡುಗಿಯರಿಗೆ ಎಸಿಎಲ್ ಹರಿಯುವ ಅಪಾಯ ಎರಡು ಪಟ್ಟಾದರೂ ಹೆಚ್ಚು. ಜಿಗಿದು ಸರಿಯಾಗಿ ಇಳಿಯುವುದು, ಮಂಡಿ ಒಳಕ್ಕೆ ಬಾಗದಂತೆ ತಿರುಗುವುದು, ಇವನ್ನು ಇಪ್ಪತ್ತು ನಿಮಿಷದ ವಾರ್ಮ್‌ಅಪ್‌ನಲ್ಲಿ ಕಲಿಸಬಹುದು. ಫುಟ್‌ಬಾಲ್‌ನವರ ‘ಫಿಫಾ 11+’ ಅಂಥದ್ದೇ, ಅದರಿಂದ ಗಾಯಗಳು ಕಡಿಮೆಯಾಗಿರುವುದು ಸಾಬೀತಾಗಿದೆ. ನಮಗೆ ವಾರ್ಮ್‌ಅಪ್ ಎಂದರೆ ಮೈದಾನಕ್ಕೆ ಎರಡು ಸುತ್ತು. ಕಪ್ ಗೆದ್ದರೆ ಬ್ಯಾನರ್‌ನಲ್ಲಿ ಫೋಟೊ ಹಾಕುತ್ತಾರೆ. ಬಿದ್ದರೆ ಆಟೊಗೆ ದುಡ್ಡು ಕೊಡುವವರು ಜೊತೆಯ ಹುಡುಗಿಯರೇ.

ಆಪರೇಷನ್ ಆಗಿ ಐದು ತಿಂಗಳಾಯಿತು. ಸೈಕಲ್ ತುಳಿಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಹುಳು ಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಸೊಪ್ಪು ಕೊಡುತ್ತೇನೆ. 400 ಮೀಟರ್ ಇನ್ನೂ ಓಡಿಲ್ಲ. ಮೊನ್ನೆ ನಮ್ಮ ತಂಡದ ಜೂನಿಯರ್ ಒಬ್ಬಳು ರಾತ್ರಿ ಹತ್ತು ಗಂಟೆಗೆ ರಿಪೋರ್ಟ್‌ನ ಫೋಟೊ ಕಳಿಸಿದ್ದಳು. ಕೆಳಗೆ, ‘ಅಕ್ಕಾ, ಇದಕ್ಕೆ ಆಪರೇಷನ್ ಬೇಕಾ?’ ಫೋಟೊ ತೆರೆಯದೆ ಫೋನ್ ಮಾಡಿದೆ. ‘ಯಾರಾದ್ರೂ ಮಲಗಿಸಿ, ಕಾಲು ಹಿಡಿದು ನೋಡಿದ್ರೇನೇ?’ ಅಂದೆ. ‘ಇಲ್ಲಕ್ಕಾ, ಸ್ಕ್ಯಾನ್ ಒಂದೇ ಆಗಿರೋದು’ ಅಂದಳು. ಸೋಮವಾರ ಬೆಳಗ್ಗೆ ಐದೂವರೆಯ ಬಸ್ಸಿಗೆ ಇಬ್ಬರೂ ಹೋಗುತ್ತಿದ್ದೇವೆ. ಸಿ.ಡಿ. ಮರೆಯಬೇಡ ಎಂದು ಹೇಳಿದ್ದೇನೆ.